ನಾನು ಓದಿ ಹೇಳಿದ ಚೀಟಿ

ಉರ್ದುವಿನಲ್ಲಿ ನಿನ್ನೆಗೂ ನಾಳೆಗೂ ಒಂದೇ ಮಾತು: ಕಲ್. ಹಿಂದೆ ಮುಂದೆ ಬರುವ ಮಾತಿನಿಂದ ಯಾವ ದಿನವೆಂದು ತಿಳಿದುಕೊಳ್ಳಬೇಕು. ನಿಜಾಮರ ಕಾಲದಲ್ಲಿ ಕಲಬುರಗಿಯ ಹೈಸ್ಕೂಲಿನಲ್ಲಿ ಉರ್ದುವಿನಲ್ಲೇ ಓದಿ ಪಾಸಾದ ನನಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದೂ ಒಂದು ದಿನ ತಪ್ಪು ತಿಳಿದೆ. ಆ ತಪ್ಪಿನಿಂದ ಹದಿಮೂರು ಜನ ಸಾಯಬೇಕಿತ್ತು. ರಜೆಯ ಮೇಲೆ ಊರಿಗೆ ಬಂದಿದ್ದ ಒಬ್ಬ ಸಿಪಾಯಿ ಅವರನ್ನು ಉಳಿಸಿದ. ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆಮೇಲೆ ಅವನಿಗೆ ನಾನು ಮಾಡಿದ್ದು ತಪ್ಪು ತಿಳಿದು ಮಾಡಿದ್ದಲ್ಲ.

ನಮ್ಮ ಮನೆ ಗಾಜಿಪುರದಲ್ಲಿ. ಅಪ್ಪನದು ಕಿರಾಣಿ ಅಂಗಡಿ. ಅಪ್ಪನಿಗೆ ಉರ್ದು ಅಕ್ಷರ ಬರುತ್ತಿರಲಿಲ್ಲ. ಕಚೇರಿಯಿಂದ ಏನಾದರೂ ಕಾಗದ ಬಂದರೆ ಯಾರದೋ ಮನೆಯ ಬಾಗಿಲಲ್ಲಿ ನಿಂತು ಓದಿಸಿಕೊಂಡು ಬರಬೇಕಾಗುತ್ತಿತ್ತು. ನಾನು ಪಾಸಾದ ಮೇಲೆ ಓಣಿಯವರೇ ತಮ್ಮ ಕಾಗದ ಹಿಡಿದು ನಮ್ಮ ಕಟ್ಟೆಗೆ ಬರತೊಡಗಿದರು. ಅಪ್ಪ ಗಿರಾಕಿಗಳಿಗೆ ಬೆಲ್ಲ ಕಟ್ಟಿಕೊಡುತ್ತ ಹೇಳುತ್ತಿದ್ದರು: "ನಮ್ಮ ಹುಡಗನ ಉರ್ದು ಕೇಳಿದ್ರ ಕಚೇರಿ ಸಾಹೇಬ್ರೂ ಎದ್ದು ಕುರ್ಚಿ ಬಿಟ್ಟುಕೊಡಬೇಕು, ಹಂಗದ!" ನಾನು ಒಳಗೆ ಕುಳಿತು ಅದನ್ನು ಕೇಳಿಸಿಕೊಳ್ಳುತ್ತಿದ್ದೆ. ಇನ್ನೊಮ್ಮೆ ಹೇಳಲಿ ಎಂದು ಕಾಯುತ್ತಿದ್ದೆ.

ಆ ಉರ್ದುವಿನಿಂದಲೇ ನನಗೆ ಕಮಲಾಪುರದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಒಬ್ಬ ಗುತ್ತೇದಾರರು ಊರ ಹೊರಗೆ ಸಾಹುಕಾರರೊಬ್ಬರ ಬಾಳೆಯ ತೋಟಕ್ಕೆ ಬಾವಿ ತೋಡಿಸುವ ಕೆಲಸ ಹಿಡಿದಿದ್ದರು. ನಾನು ಅವರ ಮುನ್ಶಿ. ಆಳುಗಳ ಹಾಜರಿ ಹಿಡಿಯುವುದು, ಮದ್ದಿನ ಪರವಾನಗಿಯ ಕಾಗದ ಬರೆಯುವುದು, ಎಲ್ಲಕ್ಕಿಂತ ಹೆಚ್ಚಾಗಿ ಬಂಡೆಗೆ ಮದ್ದಿಟ್ಟು ಸುರಂಗ ಹಾರಿಸುವ ಮುದುಕನ ಮಾತನ್ನು ಆಳುಗಳಿಗೆ, ಆಳುಗಳ ಮಾತನ್ನು ಅವನಿಗೆ ಮುಟ್ಟಿಸುವುದು ನನ್ನ ಕೆಲಸ. ಅವನು ಹೈದರಾಬಾದ್ ಕಡೆಯ ಮುಸಲ್ಮಾನ. ಅವನಿಗೆ ಕನ್ನಡ ಬರುತ್ತಿರಲಿಲ್ಲ, ಆಳುಗಳಿಗೆ ಉರ್ದು ಅಷ್ಟಕ್ಕಷ್ಟೆ.

ಬಾವಿ ಐದಾಳು ಆಳಕ್ಕೆ ಇಳಿದ ಮೇಲೆ ಕರಿಯ ಬಂಡೆ ಹತ್ತಿತು. ಹಗಲು ಆಳುಗಳು ಹಾರೆಯಿಂದ ಬಂಡೆಯಲ್ಲಿ ತೂತು ಹೊಡೆಯುವರು. ಮುದುಕ ಆ ತೂತಿನಲ್ಲಿ ಮದ್ದು ತುಂಬಿ, ಬತ್ತಿ ಇಳಿಬಿಟ್ಟು, ಮೇಲಿನಿಂದ ತಂದ ಕೆಂಪು ಮಣ್ಣಿನಿಂದ ಬಾಯಿ ಗಿಡಿಯುವನು. ಎಲ್ಲರೂ ಮನೆಗೆ ಹೋದ ಮೇಲೆ ಬತ್ತಿಗೆ ಬೆಂಕಿ ಮುಟ್ಟಿಸಿ ಮೇಲೆ ಬಂದು, ಒಂದೊಂದೇ ಸದ್ದನ್ನು ಬೆರಳು ಮಡಚಿ ಎಣಿಸುವನು. ಆರು ತುಂಬಿದ್ದರೆ ಆರು ಸದ್ದು ಬರಬೇಕು.

ಒಂದು ಸಂಜೆ ಅವನ ಎಣಿಕೆಗೆ ಐದೇ ಸದ್ದು ಸಿಕ್ಕವು. ಮರುದಿನ ಕಮಲಾಪುರದ ಸಂತೆ, ಕೆಲಸಕ್ಕೆ ಬಿಡುವು. ಮುದುಕ ಹೊಸ ಮದ್ದು ತರಲು ಕಲಬುರಗಿಗೆ ಹೊರಟವನು ಸಂತೆಯಲ್ಲಿ ನನ್ನನ್ನು ಹುಡುಕಿಕೊಂಡು ಬಂದ. ನಾನು ಪರಿಚಯದವರ ಜೊತೆ ಹರಟುತ್ತ ನಿಂತಿದ್ದೆ.

"ಮುನ್ಶೀಜೀ, ಕಲ್ ಕಾ ಏಕ್ ಬಾಕೀ ಹೈ. ಸಬ್ಕೂ ಬೋಲ್ ದೇವ್," ಎಂದ.

ನಿನ್ನೆಯದು ಒಂದು ಉಳಿದಿದೆ, ಎಲ್ಲರಿಗೂ ಹೇಳಿಬಿಡು ಎಂದು ಅವನ ಮಾತಿನ ಅರ್ಥ. ಹಾರದೆ ಉಳಿದ ಸುರಂಗ ಕೆಳಗಿದೆ, ಯಾರೂ ಇಳಿಯಬಾರದು ಎಂದು. ನನ್ನ ತಲೆಯಲ್ಲಿ ಅದು ನಾಳೆಯದು ಒಂದು ಉಳಿದಿದೆ ಎಂದು ಕೂತಿತು. ನಾಳೆ ಹೊಡೆಯಬೇಕಾದ ತೂತೊಂದು ಬಾಕಿ ಇದೆ, ಮುಗಿಸಲು ಹೇಳು ಎಂದು ತಿಳಿದೆ. ಒಂದು ಕ್ಷಣ ಏನೋ ಸರಿಯಿಲ್ಲ ಎನ್ನಿಸಿತು. ತೂತು ಬಾಕಿ ಇರುವುದನ್ನು ಹೇಳಲು ಇವನು ಸಂತೆಯ ಗದ್ದಲದಲ್ಲಿ ನನ್ನನ್ನು ಹುಡುಕಿಕೊಂಡು ಬರುತ್ತಾನೆಯೇ? ನಿನ್ನೆಯದೋ ನಾಳೆಯದೋ ಎಂದು ಕೇಳಿದ್ದರೆ ಸಾಕಾಗಿತ್ತು. ಆದರೆ ಪಕ್ಕದಲ್ಲಿ ನಾಲ್ಕು ಜನ ನಿಂತಿದ್ದರು. ಅಕ್ಷರ ಬಾರದ ಮುದುಕನ ಉರ್ದು ತಿಳಿಯದೆ ಮುನ್ಶಿ ಮತ್ತೆ ಕೇಳಿದ ಎಂದಾಗಬಾರದಿತ್ತು. "ಅಚ್ಛಾ, ಬೋಲ್ತೂಂ," ಆಗಲಿ ಹೇಳುತ್ತೇನೆ, ಎಂದೆ. ಅವನು ಹೋದ.

ಮರುದಿನ ಬೆಳಿಗ್ಗೆ ಒಡೆದ ಕಲ್ಲನ್ನು ಬದಿಗೆ ಸರಿಸಿದಾಗ ಮಣ್ಣು ತುಂಬಿದ ಒಂದು ತೂತು ಕಾಣಿಸಿತು. ಹಾರೆ ಹೊಡೆಯುವವನು ಕೆಳಗಿನಿಂದ ಕೂಗಿ ಕೇಳಿದ: "ಮುನ್ಶಿಯವರ, ಇಲ್ಲೊಂದು ಅದ ನೋಡ್ರಿ. ಏನ್ ಮಾಡಬೇಕು?"

"ಅದೇ ಬಾಕಿ ಅದ. ಮಣ್ಣು ತಗದು ಮುಗಸ್ರಿ," ಎಂದೆ. ದಡದ ಮೇಲೆ ನೆರಳಲ್ಲಿ ಕುಳಿತು ಹೇಳಿದೆ.

ಆ ಹೊತ್ತಿಗೆ ಸಿಪಾಯಿ ಬಂದ. ಅವನು ಕಮಲಾಪುರದ ಹೊಲಗೇರಿಯವನು, ಹೈದರಾಬಾದಿನ ಪಲ್ಟನ್ನಿನಲ್ಲಿದ್ದ. ನನಗಿಂತ ಒಂದೆರಡು ವರ್ಷ ದೊಡ್ಡವನಿರಬೇಕು. ಮೇಲೆ ಖಾಕಿ ಕೋಟು, ಕೆಳಗೆ ಧೋತರ. ಅವನ ಅಕ್ಕ ಬಾವಿಯಲ್ಲಿ ಕಲ್ಲು ಹೊರುತ್ತಿದ್ದಳು, ಅವಳಿಗೆ ರೊಟ್ಟಿ ಗಂಟು ತಂದಿದ್ದ. ಮೆಟ್ಟಿಲು ಹತ್ತಿ ಬಂದ ಹೆಣ್ಣಾಳುಗಳು ಅವನನ್ನು ಕಾಡಿದರು.

"ಏನೋ ಸಿಪಾಯಿ, ಪಲ್ಟನ್ಯಾಗ ಬುಟ್ಟಿ ಹೊರಾದು ಕಲಸ್ಯಾರೋ ಇಲ್ಲೋ?"

"ಇಲ್ಲ ಎವ್ವಾ. ಬುಟ್ಟಿ ಹೊರಾವ್ರನ್ನ ನೋಡಿ ಸಲಾಂ ಹೊಡಿಯಾದು ಕಲಸ್ಯಾರ," ಎಂದು ಅವನು ಹಿಮ್ಮಡಿ ಕೂಡಿಸಿ ಸಲಾಂ ಹೊಡೆದ. ಅವರು ನಗುತ್ತ ಬುಟ್ಟಿ ಚೆಲ್ಲಿ ಮತ್ತೆ ಇಳಿದರು.

ಅವನು ದಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕೆಳಗೆ ನೋಡುತ್ತಿದ್ದ. ಒಮ್ಮೆಲೇ ಎದ್ದು ನಿಂತ.

"ಏ ಯಪ್ಪಾ! ಹಾರಿ ನಿಲ್ಲಸು! ಅಲ್ಲಿ ಕೆಂಪ ಮಣ್ಣು ಎಲ್ಲಿಂದ ಬಂತು?"

ಐದಾಳು ಆಳದ ಕರಿ ಬಂಡೆಯಲ್ಲಿ ಕೆಂಪು ಮಣ್ಣು ಇರುವುದಿಲ್ಲ. ಅದು ಮದ್ದಿನ ಬಾಯಿ ಗಿಡಿದ ಮಣ್ಣು. ದಿನವೂ ನೋಡುವ ನನಗೆ ಹೊಳೆಯದೆ ಇದ್ದದ್ದು ಪಲ್ಟನ್ನಿನಲ್ಲಿ ಮದ್ದಿನ ಕೆಲಸ ಕಂಡಿದ್ದ ಅವನಿಗೆ ಒಂದು ನೋಟಕ್ಕೆ ಹೊಳೆಯಿತು.

ಕೆಳಗಿನವನು ತಲೆ ಎತ್ತಿದ. "ಮುನ್ಶಿಯವರು ಮುಗಸು ಅಂದಾರಪ," ಎಂದ. ಅವನ ಕೈಯಲ್ಲಿದ್ದ ಹಾರೆ ಎತ್ತಿದ ಗತಿಯಲ್ಲೇ ಇನ್ನೊಮ್ಮೆ ಕಲ್ಲಿಗೆ ತಾಗಿತು. ಕಿಡಿ ಹಾರಿತು. ಮಣ್ಣಿನ ಬದಿಯಿಂದ ತೆಳ್ಳಗೆ ಹೊಗೆ ಎದ್ದಿತು. ನಡುವೆ ಆರಿಹೋಗಿದ್ದ ಬತ್ತಿ ಮತ್ತೆ ಹತ್ತಿಕೊಂಡಿತ್ತು.

ಬಾವಿಯ ಮೆಟ್ಟಿಲು ಒಬ್ಬರ ಹಿಂದೊಬ್ಬರು ಹತ್ತುವಷ್ಟೇ ಅಗಲ. ಹದಿಮೂರು ಜನ ಒಮ್ಮೆಗೇ ಅದಕ್ಕೆ ನುಗ್ಗಿದರು. ಒಬ್ಬಳು ಬಿದ್ದಳು, ಅವಳ ಮೇಲೆ ಇನ್ನೊಬ್ಬ. ದೊಡ್ಡ ಕಲ್ಲು ಎತ್ತುವ ಹಗ್ಗ ಗಡಗಡಿಯಿಂದ ಇಳಿಬಿದ್ದಿತ್ತು. ಸಿಪಾಯಿ ಅದನ್ನು ಹಿಡಿದು ಜಾರಿ ಇಳಿದುಬಿಟ್ಟ. ನಾನು ಕಂಡದ್ದು ಇಷ್ಟು. ಏಕೆಂದರೆ ನಾನು ಓಡಿದೆ. ಯಾರನ್ನೂ ಕೈ ಹಿಡಿದು ಮೇಲೆ ಎಳೆಯಲಿಲ್ಲ, ಕೂಗಲೂ ಇಲ್ಲ. ತೋಟದ ಬಾಳೆಗಿಡಗಳ ನಡುವೆ ಹೋಗಿ ಎರಡೂ ಕಿವಿ ಮುಚ್ಚಿಕೊಂಡು ಕುಳಿತೆ.

ಸದ್ದು ಬರಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಹೆಂಗಸರು ಅಳುವುದು ಕೇಳಿಸಿತು. ಹೋಗಿ ನೋಡಿದರೆ ಎಲ್ಲರೂ ದಡದ ಮೇಲಿದ್ದರು. ಉಳಿದದ್ದನ್ನು ಹಾರೆಯವನು ಹೇಳಿದ. ಸಿಪಾಯಿ ಇಳಿದವನೇ ಬತ್ತಿಯ ತುದಿ ಹಿಡಿದು ಎಳೆದಿದ್ದ. ತುಂಡಾಗಿ ಅರ್ಧವೇ ಬಂತು. ಬೆಂಕಿ ಒಳಗಿನ ಅರ್ಧದಲ್ಲಿತ್ತು. ಅವನು ಬಲಗೈಯ ಬೆರಳುಗಳನ್ನು ತೂತಿನೊಳಗೆ ಇಳಿಸಿ, ಮಣ್ಣು ಕೆದರಿ, ಉರಿಯುತ್ತಿದ್ದ ತುಂಡನ್ನು ಈಚೆಗೆ ತೆಗೆದು ಮುಷ್ಟಿಯಲ್ಲಿ ಅದುಮಿಕೊಂಡ. ಆಮೇಲೆ ಕುಡಿಯುವ ನೀರಿನ ಗಡಿಗೆಯನ್ನು ತೂತಿಗೆ ಬೋರಲು ಹಾಕಿದ. ಹಾರೆಯವನು ಹೇಳುತ್ತ ಹೇಳುತ್ತ ತನ್ನ ಬೆರಳನ್ನೇ ನೋಡಿಕೊಳ್ಳುತ್ತಿದ್ದ.

ಸಿಪಾಯಿ ಮುಷ್ಟಿ ಬಿಚ್ಚಲಾರದೆ ಕುಳಿತಿದ್ದ. ಅವನ ಅಕ್ಕ ಬಯ್ಯುತ್ತಿದ್ದಳು: "ನಿನಗ ಯಾರು ಹೇಳಿದ್ರೋ ಮೂಳಾ ಇಳಿ ಅಂತ? ನಿನಗ ಏನರೆ ಆಗಿದ್ರ ಅವ್ವಗ ಏನ್ ಹೇಳಲಿ?"

"ನೀ ಮ್ಯಾಲ ಇದ್ದಿದ್ರ ಇಳೀತಿರಲಿಲ್ಲ ಬಿಡು," ಎಂದ ಅವನು. ಅವಳು ಆಗ ತುಂಬು ಬಸುರಿ.

ಎರಡು ದಿನದ ಮೇಲೆ ಮದ್ದಿನ ಮುದುಕ ಕಲಬುರಗಿಯಿಂದ ಮರಳಿ ಬಂದು ನನ್ನನ್ನು ಬದಿಗೆ ಕರೆದ. "ಮೈ ಬೋಲಾ ಥಾ ನಾ, ಬೇಟಾ?" ಎಂದಷ್ಟೇ ಕೇಳಿದ. ನಾನು ಹೇಳಿದ್ದೆನಲ್ಲ, ಮಗೂ ಎಂದು. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಗುತ್ತೇದಾರರು ಆಳುಗಳನ್ನು ಸೇರಿಸಿ, ಇದು ಹೊರಗೆ ಬಿದ್ದರೆ ಮದ್ದಿನ ಪರವಾನಗಿ ಹೋಗುತ್ತದೆ, ಬಾವಿ ನಿಲ್ಲುತ್ತದೆ, ಯಾರಿಗೂ ಕೆಲಸವಿರುವುದಿಲ್ಲ ಎಂದರು. ಎಲ್ಲರೂ ತಲೆಯಾಡಿಸಿದರು. ಆದರೆ ಸಿಪಾಯಿಯ ರಜೆ ಮುಗಿಯುತ್ತ ಬಂದಿತ್ತು. ಕೈ ಬಾತಿತ್ತು, ತೋರುಬೆರಳು ಮಡಚುತ್ತಿರಲಿಲ್ಲ. ಬಂದೂಕಿನ ಕುದುರೆ ಎಳೆಯುವ ಬೆರಳು. ಪಲ್ಟನ್ನಿಗೆ ಹೋದರೆ ಕೈ ಹೇಗೆ ಸುಟ್ಟಿತು ಎಂದು ಕೇಳುತ್ತಾರೆ. ತಾನೇ ಹುಡುಗಾಟಿಕೆಯಿಂದ ಸುಟ್ಟುಕೊಂಡದ್ದಾದರೆ ಪಟ್ಟಿಯಿಂದ ಹೆಸರು ಹೊಡೆದು ಮನೆಗೆ ಕಳಿಸುತ್ತಾರೆ. ಜನರನ್ನು ಉಳಿಸಲು ಹೋಗಿ ಸುಟ್ಟದ್ದೆಂದು ಊರಿನ ತಿಳಿದವರು ಉರ್ದುವಿನಲ್ಲಿ ಬರೆದುಕೊಟ್ಟರೆ ಬಂದೂಕು ಹೋದರೂ ನೌಕರಿ ಉಳಿದೀತು. ಅದಕ್ಕೆಂದು ಅವನು ಗುತ್ತೇದಾರರ ಮನೆಗೆ ಬಂದು ಅಂಗಳದಲ್ಲಿ ನಿಂತ.

ಗುತ್ತೇದಾರರು ನನ್ನನ್ನು ಒಳಗೆ ಕರೆದು, "ಬರದ್ ಕೊಟ್ಟು ಕಳಸು. ನಮ್ಮ ಬಾವಿ ಹೆಸರು ಬರಬಾರದು, ಅಷ್ಟ ನೋಡ್ಕೊ," ಎಂದರು. ಅವರು ಹೇಳಿದ್ದು ಅಷ್ಟೇ. ಅವರ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳಬಾರದು. ಯಾವುದೋ ಬಾವಿ, ಯಾರೋ ಜನ ಎಂದು ಬರೆದು ಅವನ ಧೈರ್ಯವನ್ನು ಹೇಳಬಹುದಿತ್ತು. ಆದರೆ ನಾನು ಯೋಚಿಸಿದ್ದು ಬೇರೆ. ಜನರನ್ನು ಉಳಿಸಿದ ಎಂದು ಬರೆದರೆ, ಯಾತರಿಂದ ಉಳಿಸಿದ, ತಪ್ಪು ಯಾರದು ಎಂದು ಪಲ್ಟನ್ನಿನವರು ಕೇಳುತ್ತಾರೆ. ವಿಚಾರಣೆಗೆ ಬರುತ್ತಾರೆ. ಮುದುಕ ಕಲ್ ಎಂದದ್ದು, ಹೈಸ್ಕೂಲ್ ಪಾಸಾದ ಮುನ್ಶಿಗೆ ಅದು ತಿಳಿಯದೆ ಹೋದದ್ದು ಗಾಜಿಪುರದ ತನಕ ಹೋಗುತ್ತದೆ. ಅಪ್ಪನ ಅಂಗಡಿಯ ಮುಂದೆ ನಿಂತು ಜನ ನಗುತ್ತಾರೆ. ಹದಿಮೂರು ಜನರ ಜೀವಕ್ಕಿಂತ ಆ ನಗು ನನಗೆ ದೊಡ್ಡದಾಗಿ ಕಂಡಿತು.

ನಾನು ಬರೆದೆ: ಈ ಸಿಪಾಯಿ ರಜೆಯಲ್ಲಿದ್ದಾಗ ತನ್ನ ಮನೆಯಲ್ಲಿ ಮದ್ದನ್ನು ಇಟ್ಟುಕೊಂಡು ಆಡುತ್ತ, "ಅಪನೀ ಗಫಲತ್ ಸೇ," ತನ್ನದೇ ಅಲಕ್ಷ್ಯದಿಂದ, ಕೈ ಸುಟ್ಟುಕೊಂಡಿದ್ದಾನೆ. ಅಕ್ಷರ ದುಂಡಗೆ ಬಂದವು.

ಹೊರಗೆ ಬಂದಾಗ ಅವನು, "ಒಂದ್ಸಲ ಓದಿ ಹೇಳ್ರಿ, ಮುನ್ಶಿಯವರ. ಏನ್ ಬರದೀರಿ ಅಂತ ನಮಗೂ ತಿಳೀಲಿ," ಎಂದ. ಅಕ್ಕನೂ ಜೊತೆಗಿದ್ದಳು. ನಾನು ಕಾಗದ ಎದುರಿಗೆ ಹಿಡಿದು, ಸಾಲಿನ ಕೆಳಗೆ ಬೆರಳು ಆಡಿಸುತ್ತ, ಅದರಲ್ಲಿ ಇಲ್ಲದ್ದನ್ನು ಓದಿದೆ. ಈ ಸಿಪಾಯಿ ತನ್ನ ಜೀವದ ಹಂಗು ತೊರೆದು ಹದಿನಾಲ್ಕು ಜನರ ಪ್ರಾಣ ಉಳಿಸಿದ್ದಾನೆ, ಇಂಥವನು ಸರಕಾರದ ದಯೆಗೆ ತಕ್ಕವನು ಎಂದು ಚೆಂದವಾಗಿ, ನಿಧಾನವಾಗಿ ಹೇಳಿದೆ.

"ಹದಿನಾಲ್ಕು ಅಲ್ರಿ, ಹದಿಮೂರು," ಎಂದ ಅವನು. ಅಕ್ಕನ ಕಡೆ ನೋಡಿ, "ಹೊಟ್ಟಿ ಒಳಗಿಂದೂ ಲೆಕ್ಕಕ್ಕ ಹಿಡದೀರೇನು?" ಎಂದು ನಕ್ಕ. ಅವಳೂ ಸೆರಗು ಬಾಯಿಗೆ ಹಿಡಿದು ನಕ್ಕಳು.

ಹೊಲಗೇರಿಯವರಿಗೆ ಏನನ್ನೂ ಕೈಗೆ ಮುಟ್ಟಿಸಿ ಕೊಡುತ್ತಿರಲಿಲ್ಲ, ಮೇಲಿನಿಂದ ಬಿಡುವುದು ನಮ್ಮವರ ರೂಢಿ. ನಾನೂ ಚೀಟಿಯನ್ನು ಮೇಲಿನಿಂದಲೇ ಬಿಟ್ಟೆ. ಬಟ್ಟೆ ಸುತ್ತಿದ ಬಲಗೈ ಅದನ್ನು ಹಿಡಿಯಲಿಲ್ಲ. ಚೀಟಿ ಅಂಗಳದ ಮಣ್ಣಿಗೆ ಬಿತ್ತು. ಅವನು ಬಗ್ಗಿ ಎಡಗೈಯಿಂದ ಎತ್ತಿ, ಧೂಳು ಊದಿ, ಕೋಟಿನ ಒಳಜೇಬಿಗೆ ಹಾಕಿಕೊಂಡ.

ಆರು ತಿಂಗಳಾದ ಮೇಲೆ ಅವನು ಕೋಟಿಲ್ಲದೆ ಕಮಲಾಪುರಕ್ಕೆ ಮರಳಿದ. ಅವನ ಹೆಸರು ಹೊಡೆದಿದ್ದರು.

ನಾನು ಗುತ್ತೇದಾರರ ಕೆಲಸ ಬಿಟ್ಟು ಕಲಬುರಗಿಯ ಬಟ್ಟೆಯ ಅಂಗಡಿಯೊಂದರಲ್ಲಿ ಬರವಣಿಗೆಗೆ ಸೇರಿದೆ. ಸಂತೆಗೆಂದು ಕಮಲಾಪುರಕ್ಕೆ ಹೋದಾಗಲೆಲ್ಲ ಅವನು ಕಾಣುತ್ತಿದ್ದ. ನಮ್ಮ ಬಟ್ಟೆಯ ಗಂಟನ್ನು ಎಡ ಹೆಗಲ ಮೇಲೆ ಹೊತ್ತು ಬಂಡಿಗೆ ಹಾಕುತ್ತಿದ್ದ. "ಶರಣ್ರಿ, ಮುನ್ಶಿಯವರ," ಎನ್ನುತ್ತಿದ್ದ. ಒಮ್ಮೆ ಬೆವರು ಒರೆಸಿಕೊಳ್ಳುತ್ತ, "ಅವತ್ತ ಭಾಳ ಚಲೋ ಓದಿದ್ರಿ. ನಿಮ್ಮಂಗ ಓದಾವ್ರನ್ನ ನಾ ಮತ್ತೊಬ್ಬರ್ನ ನೋಡಿಲ್ಲ," ಎಂದ. ಪಾಪ, ಇನ್ನೂ ನಂಬಿಕೊಂಡಿದ್ದಾನೆ ಎಂದುಕೊಂಡೆ. ಆದರೂ ಹೇಳಲಿಲ್ಲ. ಮುಂದಿನ ಸಂತೆಗೆ ಹೇಳಿದರಾಯಿತು ಎನ್ನುತ್ತ ವರ್ಷಗಳು ಹೋದವು. ನಿಜಾಮರ ರಾಜ್ಯ ಹೋಯಿತು. ಅವನೂ ತೀರಿಕೊಂಡ. ಸುದ್ದಿ ಕೇಳಿ ನನಗೆ ಮೊದಲು ಆದದ್ದು ದುಃಖವಲ್ಲ, ಹಗುರ. ಇದನ್ನೂ ಬರೆಯಲೇಬೇಕು.

ಆ ಹಗುರ ನಿಲ್ಲಲಿಲ್ಲ. ಹೋದ ವರ್ಷ ಒಂದು ಮದುವೆಗೆಂದು ಕಮಲಾಪುರಕ್ಕೆ ಹೋದವನು ಊಟದ ಪಂಕ್ತಿಗೆ ಕೂರದೆ, ಕೇಳಿಕೊಂಡು ಕೇಳಿಕೊಂಡು ಅವನ ಅಕ್ಕನ ಮನೆಗೆ ಹೋದೆ. ಮುದುಕಿ ಬಾಗಿಲಲ್ಲಿ ಕುಳಿತು ಹೆಸರುಕಾಳು ಹಸನು ಮಾಡುತ್ತಿದ್ದಳು. ಗುರುತು ಹಿಡಿದಳು. "ಮುನ್ಶಿಯವರಲ್ಲೇನ್ರಿ? ಬರ್ರಿ," ಎಂದು ಚಾಪೆ ತೋರಿಸಿದಳು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಕಲ್ ಎಂದದ್ದನ್ನು ತಪ್ಪು ತಿಳಿದದ್ದು, ಓಡಿದ್ದು, ಚೀಟಿಯಲ್ಲಿ ಬರೆದದ್ದು, ಓದಿದ್ದು.

ಅವಳ ಕೈ ಮೊರದಲ್ಲಿ ಆಡುತ್ತಲೇ ಇತ್ತು.

"ಗೊತ್ತದರಿ," ಎಂದಳು.

"ಏನು ಗೊತ್ತದ?"

"ಚೀಟಿಂದು. ಅವತ್ತ ಗೊತ್ತಾಗ್ಯಾದ. ಉರ್ದು ಬಲದಿಂದ ಎಡಕ್ಕ ಓದ್ತಾರಂತ. ಪಲ್ಟನ್ಯಾಗ ದಿನಾ ನೋಡ್ತಿದ್ದ ಅವ. ನಿಮ್ಮ ಬಟ್ಟು ಎಡದಿಂದ ಬಲಕ್ಕ ಓಡಾಕತ್ತಿತ್ತಂತ. ಮನಿಗಿ ಬರೂ ದಾರ್ಯಾಗ, 'ಅಕ್ಕಾ, ಮುನ್ಶಿ ಚೀಟಿ ಓದಲಿಲ್ಲ, ಕಥಿ ಹೇಳ್ಯಾನ,' ಅಂದ. ಕಲಬುರ್ಗ್ಯಾಗ ಯಾರ ಕಡಿಂದನೋ ಓದಸ್ಯಾನ. ಓದಿಸಿ ಹರದು ಒಗದಾನ. ಪಲ್ಟನ್ಯಾಗ ಬರೇ ಬಾಯಿಲೆ ಹೇಳ್ಯಾನ. ಚೀಟಿ ಎಲ್ಲದ ಅಂದ್ರಂತ. ಇಲ್ಲಂದದ್ದಕ್ಕ ಹೆಸರು ಹೊಡದ್ರು."

ನಾನು ಚಾಪೆಯ ಮೇಲೆ ಕುಳಿತುಬಿಟ್ಟೆ. "ಮತ್ತ ನನ್ನ ಯಾಕ ಕೇಳಲಿಲ್ಲ? ಅಷ್ಟು ವರ್ಷ ಶರಣು ಅಂತಿದ್ದ."

"ಹ್ಯಾಂಗ ಕೇಳ್ತಾನರಿ? ನಾನು, ನನ್ನ ಗಂಡ, ಮೈದುನ ಎಲ್ಲಾರೂ ನಿಮ್ಮ ಬಾವ್ಯಾಗ ದುಡಿಯಾವ್ರು, ಮುಂದನೂ ಆ ಗುತ್ತೇದಾರರ ಕೈಯಾಗೇ. ಅವ ಬಾಯಿ ತಗದ್ರ ನಮ್ಮ ಬಾಯಿಗಿ ಮಣ್ಣು. 'ಅಕ್ಕಾ, ಕೈ ಅಂತೂ ಹೋಗ್ಯಾದ, ನಿಮ್ಮ ರೊಟ್ಟಿ ಯಾಕ ಕಳೀಲಿ,' ಅಂದ." ಮೊರ ಕೆಳಗಿಟ್ಟು, "ಚಲೋ ಓದಿದ್ರಿ ಅಂತ ನಿಮಗ ಒಂದ್ಸಲ ಅಂದಿದ್ನಂತಲ್ಲ? ಮನಿಗಿ ಬಂದು ಹೇಳಿ ಭಾಳ ನಕ್ಕಿದ್ದ," ಎಂದಳು.

ಇಷ್ಟು ವರ್ಷ ನಾನು ಮೋಸ ಮಾಡಿದವನೆಂದು ನನ್ನನ್ನು ಬಯ್ದುಕೊಂಡಿದ್ದೆ. ಮೋಸಹೋದವರು ಯಾರೂ ಇರಲಿಲ್ಲ. ಅವರು ತಿಳಿದೂ ಸುಮ್ಮನಿರಬೇಕಾಯಿತು. ಅದು ಮೋಸಕ್ಕಿಂತ ಕೆಟ್ಟದ್ದು.

ನಾನು ಜೇಬಿನಿಂದ ಕಾಗದ, ಪೆನ್ನು ತೆಗೆದು, ಈಗಲಾದರೂ ನಿಜವನ್ನು ಬರೆದುಕೊಡುತ್ತೇನೆ ಎಂದೆ. ಅವಳು ಬೇಡವೆನ್ನಲಿಲ್ಲ. ಕನ್ನಡದಲ್ಲಿ ಬರೆದೆ. ಓದಲು ಹೋದಾಗ ಕೈ ಅಡ್ಡ ಹಿಡಿದಳು. "ನೀವು ಓದಬ್ಯಾಡ್ರಿ," ಎಂದು ತಮ್ಮ ಓಣಿಯ ಶಾಲೆಯ ಮಾಸ್ತರನನ್ನು ಕರೆಸಿದಳು. ಮಾಸ್ತರ ಅವರದೇ ಜನದವನು. ಗಟ್ಟಿಯಾಗಿ ಓದಿದ. 'ನನ್ನಿಂದ ತಪ್ಪಾಗಿ' ಎಂಬಲ್ಲಿಗೆ ಬಂದಾಗ ಅವಳು ನಿಲ್ಲಿಸಿದಳು.

"ಅದು ಯಾವದಕ್ಕ ಬರದೀರಿ? ಕಲ್ ಅಂದದ್ದು ತಪ್ಪು ತಿಳದದ್ದಕ್ಕೋ, ಚೀಟಿಗೋ?"

"ಎರಡಕ್ಕೂ," ಎಂದೆ.

"ಕಲ್ ಅಂದದ್ದು ತಿಳಿಯೋದ್ರಾಗ ತಪ್ಪು ಆಗ್ಯಾದ, ಹೌದು. ಯಾರಿಗಿ ಆಗಲ್ಲ? ಚೀಟಿ ತಪ್ಪಲ್ಲರಿ. ಚೀಟಿ ನೀವು ಮಾಡಿದ್ದು."

ಹೊಡೆದು ಹಾಕಿ, ಬೇರೆ ಬರೆದೆ. ಮಾಸ್ತರ ಮತ್ತೆ ಓದಿದ. ಅವಳು ತಲೆಯಾಡಿಸಿದಳು. ಕಾಗದ ಮಡಚಿ ಅವಳ ಮುಂದೆ ಹಿಡಿದೆ. ಅವಳು ತೆಗೆದುಕೊಳ್ಳಲಿಲ್ಲ.

"ನಾ ಇದನ್ನ ಇಟ್ಕೊಂಡು ಏನ್ ಮಾಡ್ಲಿ? ನಮ್ಮ ಓಣಿಗಿ ಎಲ್ಲಾ ಗೊತ್ತದ, ಆವಾಗಿಂದ ಗೊತ್ತದ. ಗೊತ್ತಿರಲಾರದವರು ನಿಮ್ಮ ಮಂದಿ. ಒಯ್ದು ಅವರಿಗಿ ಓದಸ್ರಿ."

ಕಾಗದ ಹಿಡಿದು ಗಾಜಿಪುರಕ್ಕೆ ಬಂದೆ. ಮಕ್ಕಳನ್ನು, ಸೊಸೆಯರನ್ನು ಕೂಡಿಸಿ ಓದಿದೆ. ಹಿರಿಯ ಮಗ, "ಮುಚ್ಚಿಟ್ಟು ಇಷ್ಟು ವರ್ಷ ಆಗ್ಯಾದ, ಇನ್ನ ಯಾಕಪ್ಪಾ? ಅಜ್ಜನ ಹೆಸರೂ ಹೋಗ್ತದ," ಎಂದ. ಕಿರಿಯ ಸೊಸೆ ಮಾತ್ರ, ಆ ಸಿಪಾಯಿಗೆ ಮಕ್ಕಳಿದ್ದರೇ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಕಂಡರೂ ಕೇಳಿರಲಿಲ್ಲ.

ಮನೆಯವರಿಗೆ ಓದಿದರೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ, ಮನೆಯವರು ನಾಲ್ಕೇ ಜನ. ಅದಕ್ಕೆ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಅವನು ಹದಿಮೂರು ಜನರನ್ನು ಉಳಿಸಿದ. ಅವನ ಅಲಕ್ಷ್ಯ ಏನೂ ಇರಲಿಲ್ಲ. ಆ ಮಾತನ್ನು ನಾನು ಬರೆದೆ, ಬೇಕೆಂದೇ ಬರೆದೆ.